ಹಾರದ ವಿಮಾನಕ್ಕೆ ಪೂರ್ಣ ಅಂಕ, ಹೇಳದ ಕಾರಣಕ್ಕೆ ಕಡಿಮೆ ಅಂಕ: ಕೋಲ್ಕತ್ತ–ಬೆಂಗಳೂರು ವಿಮಾನ ಸೇವೆಯ ವಿಮರ್ಶೆ

ಕೋಲ್ಕತ್ತದಿಂದ ಬೆಂಗಳೂರಿಗೆ ಸಂಜೆ ಹೊರಡುವ ಒಂದು ವಿಮಾನ ಸೇವೆಯನ್ನು ಕುರಿತ ವಿಮರ್ಶೆ ಇದು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಮೆಚ್ಚಿಕೊಂಡ ಕೆಲಸ ಎಲ್ಲ ಸಂಸ್ಥೆಗಳೂ ಮಾಡಲೇಬೇಕಾದದ್ದು, ಆಕ್ಷೇಪಿಸುವ ನಡವಳಿಕೆಯೂ ಒಂದೇ ಸಂಸ್ಥೆಯದ್ದಲ್ಲ. ತೀವ್ರ ಟರ್ಬ್ಯುಲೆನ್ಸ್‌ಗೆ (ಗಾಳಿಯ ಕುಲುಕಾಟಕ್ಕೆ) ಸಿಕ್ಕಿ ಬಂದ ವಿಮಾನವನ್ನು ಪರಿಶೀಲನೆಗೆಂದು ನಿಲ್ಲಿಸಿದ ತೀರ್ಮಾನಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಆ ತೀರ್ಮಾನವನ್ನು ಪ್ರಯಾಣಿಕರಿಗೆ ತಿಳಿಸಿದ ರೀತಿಗೆ ಅತಿ ಕಡಿಮೆ ಅಂಕ. ಇವೆರಡರ ನಡುವಿನ ಅಂತರ ಏಕೆ ಇಷ್ಟು ದೊಡ್ಡದಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಏಪ್ರಿಲ್ ಕೊನೆಯ ವಾರದಲ್ಲಿ ಅಕ್ಕನೂ ನಾನೂ ಗಯೆಯ ಕಾರ್ಯ ಮುಗಿಸಿ, ಕೋಲ್ಕತ್ತದಲ್ಲಿ ದಕ್ಷಿಣೇಶ್ವರವನ್ನು ನೋಡಿಕೊಂಡು ಹಾಸನಕ್ಕೆ ಮರಳುತ್ತಿದ್ದೆವು. ಬಂಗಾಳದಲ್ಲಿ ಅದು ಕಾಲಬೈಶಾಖಿಯ ಕಾಲ. ಹಗಲಿಡೀ ಕಾದ ಛೋಟಾ ನಾಗಪುರದ ಪ್ರಸ್ಥಭೂಮಿಯ ಬಿಸಿಗಾಳಿಗೆ ಬಂಗಾಳ ಕೊಲ್ಲಿಯ ತೇವ ಸೇರಿ, ಸಂಜೆಯಾಗುತ್ತಲೇ ಗುಡುಗುಮೋಡಗಳು ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದು ನಿಲ್ಲುತ್ತವೆ. ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನವು ಬೆಂಗಳೂರಿನಿಂದ ಬರುವಾಗ ಇಂಥದೊಂದು ಮೋಡದ ಅಂಚಿನಲ್ಲಿ ಬಲವಾಗಿ ಕುಲುಕಾಡಿತ್ತು. ಕ್ಯಾಬಿನ್ ಸಿಬ್ಬಂದಿಯಲ್ಲಿ ಒಬ್ಬರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಬಂದಿಳಿದವರ ಮುಖಗಳಲ್ಲೇ ವಿಷಯ ಕಾಣುತ್ತಿತ್ತು. ಆದರೆ ನಮ್ಮ ಫೋನುಗಳಿಗೆ ಬಂದ ಸಂದೇಶದಲ್ಲಿ ಇದ್ದದ್ದು "ತಾಂತ್ರಿಕ ಕಾರಣದಿಂದ ವಿಳಂಬ" ಎಂಬಷ್ಟು ಮಾತ್ರ. ಗೇಟಿನಲ್ಲಿದ್ದ ಹಿರಿಯ ಸಿಬ್ಬಂದಿಯೊಬ್ಬರನ್ನು ಒತ್ತಾಯಿಸಿ ಕೇಳಿದ ಮೇಲೆ, ಪೈಲಟ್ ತೀವ್ರ ಟರ್ಬ್ಯುಲೆನ್ಸ್ ಎಂದು ದಾಖಲಿಸಿರುವುದರಿಂದ ಪರಿಶೀಲನೆ ಮುಗಿಯದೆ ಆ ವಿಮಾನ ಹಾರುವಂತಿಲ್ಲ, ಬೇರೆ ವಿಮಾನ ತರಿಸುತ್ತಿದ್ದೇವೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಆ ದಾಖಲೆ ಸಣ್ಣ ವಿಷಯವಲ್ಲ. ಕುಲುಕಾಟವನ್ನು ಲಘು, ಮಧ್ಯಮ, ತೀವ್ರ ಎಂದು ವಿಂಗಡಿಸುವ ಪದ್ಧತಿ ಬಹಳ ಕಾಲದಿಂದ ಇದೆ. ವಿಮಾನದ ಗುರುತ್ವ ಕೇಂದ್ರದ ಬಳಿ ಅಳೆದ ವೇಗೋತ್ಕರ್ಷದ ಏರಿಳಿತವು ಅರ್ಧ ಜಿಯಿಂದ ಒಂದು ಜಿವರೆಗೆ (ಒಂದು ಜಿ ಎಂದರೆ ಭೂಮಿಯ ಗುರುತ್ವದಷ್ಟು) ಇದ್ದರೆ ಮಧ್ಯಮ, ಒಂದು ಜಿಯನ್ನು ಮೀರಿದರೆ ತೀವ್ರ ಎಂಬುದು ಅದರ ಸ್ಥೂಲ ಅಳತೆ. ಪ್ರಯಾಣಿಕರು "ಭಯಂಕರ" ಎಂದು ಬಣ್ಣಿಸುವ ಬಹುಪಾಲು ಅನುಭವಗಳು ಮಧ್ಯಮದ ಗೆರೆಯನ್ನೂ ದಾಟುವುದಿಲ್ಲ. ಕ್ಯಾಪ್ಟನ್ ವಿಮಾನದ ದೋಷಗಳನ್ನು ದಾಖಲಿಸುವ ಟೆಕ್ ಲಾಗ್ ಪುಸ್ತಕದಲ್ಲಿ "ತೀವ್ರ" ಎಂದು ಬರೆದರೆ ಆ ಕ್ಷಣದಿಂದ ವಿಮಾನ ಎಂಜಿನಿಯರುಗಳ ವಶಕ್ಕೆ ಹೋಗುತ್ತದೆ. ಮುಂದಿನ ಹಾರಾಟ ತಡವಾಗುತ್ತದೆ, ಹಣ ನಷ್ಟವಾಗುತ್ತದೆ, ಗೇಟಿನಲ್ಲಿ ಜನ ಕೂಗಾಡುತ್ತಾರೆ ಎಂದು ಗೊತ್ತಿದ್ದೂ ಆ ಸಾಲನ್ನು ಬರೆದ ಕ್ಯಾಪ್ಟನ್‌ಗೆ ನಾನು ಮನಃಪೂರ್ವಕವಾಗಿ ಕೃತಜ್ಞನಾಗಿದ್ದೇನೆ.

ನಮ್ಮೊಂದಿಗೆ ಕಾಯುತ್ತಿದ್ದವರಲ್ಲಿ ಎರಡು ಬಗೆಯ ಮಾತುಗಳಿದ್ದವು. ಕೆಲವರು "ಕ್ಷೇಮವಾಗಿ ಇಳಿದಿದೆಯಲ್ಲ, ಇನ್ನೇನು ಪರೀಕ್ಷೆ?" ಎನ್ನುತ್ತಿದ್ದರು. ಇನ್ನು ಕೆಲವರು "ಅಷ್ಟು ಕುಲುಕಿದ ವಿಮಾನ ಇನ್ನು ಕೆಲಸಕ್ಕೆ ಬಾರದು" ಎನ್ನುತ್ತಿದ್ದರು. ಹಾಸನದ ಕಾಲೇಜೊಂದರಲ್ಲಿ ಬಹುಕಾಲ ವಸ್ತುಗಳ ಬಲದ ಪಾಠ ಹೇಳಿದ ನನಗೆ ಎರಡೂ ಒಪ್ಪಿಗೆಯಾಗುವ ಮಾತುಗಳಲ್ಲ.

ಪ್ರಯಾಣಿಕ ವಿಮಾನದ ರಚನೆಗೆ ಎರಡು ಗೆರೆಗಳಿವೆ. ಮೊದಲನೆಯದು ಮಿತಿ ಹೊರೆ, ಅಂದರೆ ವಿಮಾನದ ಇಡೀ ಆಯುಷ್ಯದಲ್ಲಿ ಎದುರಾಗಬಹುದೆಂದು ನಿರೀಕ್ಷಿಸುವ ಅತಿ ದೊಡ್ಡ ಹೊರೆ. ಮೇಲ್ಮುಖವಾಗಿ 2.5 ಜಿ, ಕೆಳಮುಖವಾಗಿ 1 ಜಿ ಎಂಬುದು ಸಾಮಾನ್ಯವಾಗಿ ಅದರ ಪ್ರಮಾಣ, ಇದರ ಜೊತೆಗೆ ಗಾಳಿಯ ಹೊಡೆತಗಳಿಗೆಂದೇ ಬೇರೆ ಲೆಕ್ಕವೂ ಇದೆ. ಈ ಹೊರೆ ಬಿದ್ದು ಹೋದ ಮೇಲೆ ರಚನೆಯಲ್ಲಿ ಶಾಶ್ವತವಾದ ಸೊಟ್ಟ ಉಳಿಯಬಾರದು. ಎರಡನೆಯದು ಅದರ ಒಂದೂವರೆ ಪಟ್ಟಿನ ಅಂತಿಮ ಹೊರೆ. ಅದನ್ನು ರಚನೆ ಕನಿಷ್ಠ 3 ಸೆಕೆಂಡು ಮುರಿಯದೆ ತಾಳಬೇಕು. 1995ರಲ್ಲಿ ಬೋಯಿಂಗ್ 777ರ ರೆಕ್ಕೆಗಳನ್ನು ಪರೀಕ್ಷಾಶಾಲೆಯಲ್ಲಿ ಮುರಿಯುವ ತನಕ ಎಳೆದು ನೋಡಿದಾಗ ಅವು ಮಿತಿ ಹೊರೆಯ ಶೇ. 154ರಷ್ಟನ್ನು ತಲುಪಿದ ಮೇಲೆ ಮುರಿದವು, ಆ ಹೊತ್ತಿಗೆ ರೆಕ್ಕೆಯ ತುದಿಗಳು ಸುಮಾರು 24 ಅಡಿ ಮೇಲಕ್ಕೆ ಬಾಗಿದ್ದವು. 2006ರಲ್ಲಿ ಏರ್‌ಬಸ್ ಎ380ರ ರೆಕ್ಕೆ ಒಂದೂವರೆ ಪಟ್ಟಿಗೆ ತುಸು ಮುಂಚೆಯೇ ಮುರಿದದ್ದರಿಂದ ಅದನ್ನು ಬಲಪಡಿಸಬೇಕಾಯಿತು. ಕಿಟಕಿಯಿಂದ ನೋಡುವಾಗ ರೆಕ್ಕೆ ಮೇಲೆ ಕೆಳಗೆ ಆಡುವುದನ್ನು ಕಂಡು ಹೆದರುವವರಿಗೆ ನಾನು ಹೇಳುವುದು ಇಷ್ಟೇ: ಗಾಳಿಗೆ ಬಾಗುವ ಅಡಿಕೆ ಮರದಂತೆ, ಬಾಗುವುದೇ ಅದರ ಬಲ. ಗಾಳಿಯ ಹೊಡೆತದ ಶಕ್ತಿಯನ್ನು ರೆಕ್ಕೆ ತನ್ನ ಬಾಗುವಿಕೆಯಲ್ಲಿ ನುಂಗಿಕೊಳ್ಳುವುದರಿಂದಲೇ ಒಡಲಿಗೆ ತಲುಪುವ ಕುಲುಕು ಕಡಿಮೆಯಾಗುತ್ತದೆ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2009ರಿಂದ 2018ರವರೆಗಿನ ವಿಮಾನಯಾನ ಸಂಸ್ಥೆಗಳ ಅಪಘಾತಗಳನ್ನು ಅಧ್ಯಯನ ಮಾಡಿದಾಗ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಟರ್ಬ್ಯುಲೆನ್ಸ್‌ಗೆ ಸಂಬಂಧಿಸಿದ್ದವು. ಅವುಗಳಲ್ಲಿ ಬಹುಪಾಲಿನಲ್ಲಿ ಯಾರಿಗಾದರೂ ಗಂಭೀರ ಗಾಯವಾಗಿತ್ತು, ಆದರೆ ವಿಮಾನಕ್ಕೆ ಹಾನಿಯಾಗಿರಲಿಲ್ಲ. ಮುರಿಯುವುದು ಸಾಮಾನ್ಯವಾಗಿ ಬೆಲ್ಟ್ ಕಟ್ಟದ ಮನುಷ್ಯರ ಮೂಳೆಗಳು.

ಹಾಗಿದ್ದರೆ ಪರಿಶೀಲನೆ ಏಕೆ? ಬಲವಾದ ರಚನೆಗೂ ಮಿತಿ ಇದೆ ಎಂಬುದು ಒಂದು ಉತ್ತರ. 1966ರಲ್ಲಿ ಫ್ಯೂಜಿ ಪರ್ವತದ ಬಳಿ ಬೋಯಿಂಗ್ 707 ವಿಮಾನವೊಂದು ಪರ್ವತ ಎಬ್ಬಿಸಿದ ಗಾಳಿಯ ಅಲೆಗಳಿಗೆ ಸಿಕ್ಕಿ ಆಕಾಶದಲ್ಲೇ ಒಡೆದು 124 ಜನ ಸತ್ತರು. ಬಲ ಮೊದಲೇ ಕುಂದಿರಬಹುದು ಎಂಬುದು ಇನ್ನೊಂದು ಉತ್ತರ. 1993ರಲ್ಲಿ ಅಲಾಸ್ಕದ ಆಂಕರೇಜಿನಿಂದ ಮೇಲೇರಿದ ಸರಕು ಸಾಗಣೆಯ 747ರ ಒಂದು ಎಂಜಿನ್ ತೀವ್ರ ಟರ್ಬ್ಯುಲೆನ್ಸ್‌ನಲ್ಲಿ ಪೈಲಾನ್ (ಎಂಜಿನನ್ನು ರೆಕ್ಕೆಗೆ ತೂಗುಹಾಕುವ ತೋಳು) ಸಮೇತ ಕಳಚಿ ಬಿತ್ತು. ಆ ಪೈಲಾನಿನಲ್ಲಿ ಪದೇಪದೇ ಬಿದ್ದ ಹೊರೆಯಿಂದ ಮೊದಲೇ ಬೆಳೆದಿದ್ದ ದಣಿವಿನ ಬಿರುಕು ಅದರ ತಾಳಿಕೆಯನ್ನು ಕುಗ್ಗಿಸಿತ್ತು. ವಿಮಾನ ಮರಳಿ ಬಂದು ಸುರಕ್ಷಿತವಾಗಿ ಇಳಿಯಿತು.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದಿರುವುದು ಮೂರನೆಯ ಉದಾಹರಣೆ. 1997ರ ಮೇ 12ರಂದು ಮಯಾಮಿಗೆ ಹೋಗುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಏರ್‌ಬಸ್ ಎ300 ವಿಮಾನ ಫ್ಲಾರಿಡಾದ ಮೇಲೆ ಹಿಡಿತ ತಪ್ಪಿ ಪಕ್ಕಕ್ಕೆ ಹೊರಳಾಡಿ, ಮತ್ತೆ ಸರಿಹೋಗಿ ಇಳಿಯಿತು. ಆಗ ಅದನ್ನು ಕಣ್ಣಳತೆಯಲ್ಲಿ ಪರೀಕ್ಷಿಸಿ ಸೇವೆಗೆ ಮರಳಿಸಲಾಯಿತು. 2001ರ ನವೆಂಬರಿನಲ್ಲಿ ಅದೇ ಸಂಸ್ಥೆಯ ಇನ್ನೊಂದು ಎ300, ಮುಂದೆ ಹೋದ ವಿಮಾನದ ಹಿಂಗಾಳಿಗೆ ಸಿಕ್ಕಿದಾಗ ಚುಕ್ಕಾಣಿಯನ್ನು ಅತಿಯಾಗಿ ಎಡಬಲಕ್ಕೆ ತಿರುಗಿಸಿದ್ದರಿಂದ ಬಾಲದ ಲಂಬ ರೆಕ್ಕೆ ಕಿತ್ತುಬಂದು ನ್ಯೂಯಾರ್ಕಿನಲ್ಲಿ ಬಿದ್ದಿತು, 265 ಜನ ಸತ್ತರು. ಆ ಬಳಿಕ, 2002ರಲ್ಲಿ, ಹಳೆಯ ಘಟನೆಯ ವಿಮಾನವನ್ನು ಅಲ್ಟ್ರಾಸೌಂಡ್‌ನಿಂದ ನೋಡಿದಾಗ ಲಂಬ ರೆಕ್ಕೆಯನ್ನು ಒಡಲಿಗೆ ಜೋಡಿಸುವ ಕಿವಿಯಾಕಾರದ ಭಾಗದ ಒಳಪದರಗಳು ಬಿಟ್ಟುಕೊಂಡಿದ್ದವು. ಹೊರಗಿನಿಂದ ಏನೂ ಕಾಣುವಂತಿರಲಿಲ್ಲ. ಐದು ವರ್ಷ ಆ ಬಿರುಕನ್ನು ಹೊತ್ತು ಆ ವಿಮಾನ ಜನರನ್ನು ಸಾಗಿಸಿತ್ತು. "ಇಳಿದಿದೆಯಲ್ಲ" ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಗೊತ್ತಿಲ್ಲ.

ಕೋಲ್ಕತ್ತದ ಗೇಟಿನ ಗಾಜಿನಿಂದ ನಾವು ನೋಡಿದ್ದು ಈ ಕೆಲಸದ ಒಂದು ಭಾಗವನ್ನು ಮಾತ್ರ. ಏರು ವೇದಿಕೆಯ ಮೇಲೆ ನಿಂತ ಒಬ್ಬರು ಟಾರ್ಚ್ ಹಿಡಿದು ರೆಕ್ಕೆಯ ಉದ್ದಕ್ಕೂ ನಿಧಾನವಾಗಿ ಸಾಗುತ್ತಿದ್ದರು, ಇನ್ನೊಬ್ಬರು ಬಾಲದ ಬಳಿ ಇದ್ದರು. ಉಳಿದದ್ದನ್ನು ಹಾಸನಕ್ಕೆ ಬಂದ ಮೇಲೆ ಅಕ್ಕನ ಮಗ ತಿಳಿಸಿದ. ಬೆಂಗಳೂರಿನಲ್ಲಿ ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಿರುವ ಅವನು ಮೊದಲು ಹೇಳಿದ್ದು, "ಮಾವ, ಆ ವಿಮಾನದಲ್ಲೇ ನಿಮ್ಮನ್ನೂ ಅಮ್ಮನನ್ನೂ ಹತ್ತಿಸಿದ್ದರೆ ನಾನು ಜಗಳಕ್ಕೆ ಹೋಗುತ್ತಿದ್ದೆ" ಎಂದು.

ತಯಾರಕರ ನಿರ್ವಹಣಾ ಕೈಪಿಡಿಯ ಐದನೆಯ ಅಧ್ಯಾಯದಲ್ಲಿ, 05-51 ಎಂಬ ವಿಭಾಗದಲ್ಲಿ, ನಿಗದಿತ ದಿನಕ್ಕಲ್ಲದೆ ಘಟನೆಯ ಕಾರಣಕ್ಕೆ ಮಾಡಬೇಕಾದ ಪರಿಶೀಲನೆಗಳಿರುತ್ತವೆ. ನೆಲಕ್ಕೆ ಗಟ್ಟಿಯಾಗಿ ಬಡಿದ ಲ್ಯಾಂಡಿಂಗ್, ಸಿಡಿಲು, ಆಲಿಕಲ್ಲು, ಹಕ್ಕಿಯ ಡಿಕ್ಕಿ, ತೀವ್ರ ಟರ್ಬ್ಯುಲೆನ್ಸ್, ಪ್ರತಿಯೊಂದಕ್ಕೂ ಬೇರೆ ಬೇರೆ ಕ್ರಮ. ಪೈಲಟ್‌ನ ಮಾತಿನ ಜೊತೆಗೆ ವಿಮಾನದ ದತ್ತಾಂಶವನ್ನೂ ತೆಗೆದುಕೊಳ್ಳುತ್ತಾರೆ. ಎಷ್ಟು ಜಿ, ಯಾವ ವೇಗ, ಎಷ್ಟು ತೂಕ, ರೆಕ್ಕೆಯ ಹಿಂಬದಿಯಿಂದ ಚಾಚುವ ಫ್ಲ್ಯಾಪ್‌ಗಳು ಹೊರಗಿದ್ದವೇ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅಗತ್ಯಬಿದ್ದರೆ ಅದನ್ನು ತಯಾರಕರಿಗೆ ಕಳುಹಿಸಿ, ಯಾವ ಜೋಡಣೆಯ ಮೇಲೆ ಎಷ್ಟು ಹೊರೆ ಬಿದ್ದಿರಬಹುದೆಂದು ಲೆಕ್ಕ ಹಾಕಿಸುತ್ತಾರೆ.

ಮೊದಲ ಹಂತ ಕಣ್ಣಿನದು. ರೆಕ್ಕೆಯ ಮೇಲಿನ ಮತ್ತು ಕೆಳಗಿನ ಹೊದಿಕೆಯಲ್ಲಿ ಸುಕ್ಕು ಅಥವಾ ಉಬ್ಬು ಇದೆಯೇ, ರಿವೆಟ್‌ಗಳು ಮೇಲೆದ್ದಿವೆಯೇ, ಅವುಗಳ ತಲೆಯ ಸುತ್ತ ಬಣ್ಣ ಸೀಳಿದೆಯೇ ಎಂದು ನೋಡುತ್ತಾರೆ. ರೆಕ್ಕೆಯೇ ಇಂಧನದ ತೊಟ್ಟಿಯಾಗಿರುವುದರಿಂದ ಎಲ್ಲಿಯಾದರೂ ಇಂಧನ ಒಸರಿದ್ದರೆ ಅದು ಒಳಗಿನ ಜೋಡಣೆ ಸಡಿಲವಾದ ಸುಳಿವು. ಎಂಜಿನ್ ಮತ್ತು ಪೈಲಾನಿನ ಜೋಡಣೆಗಳು, ರೆಕ್ಕೆ ಒಡಲಿಗೆ ಸೇರುವಲ್ಲಿನ ಹೊದಿಕೆ, ಫ್ಲ್ಯಾಪ್‌ಗಳ ಹಳಿ, ಚುಕ್ಕಾಣಿಯ ಕೀಲುಗಳು, ಬಾಲದ ಅಡ್ಡ ಮತ್ತು ಲಂಬ ರೆಕ್ಕೆಗಳ ಬೇರು, ಇವನ್ನು ಒಂದೊಂದಾಗಿ ನೋಡಬೇಕು. ಬಾಲವನ್ನು ವಿಶೇಷವಾಗಿ ಗಮನಿಸುತ್ತಾರೆ ಎಂದು ಅವನು ಒತ್ತಿ ಹೇಳಿದ. ಆನಂತರ ಒಳಗಿನ ಕೆಲಸ: ಸರಕಿನ ಕೋಣೆಯಲ್ಲಿ ಕಟ್ಟುಗಳು ಬಿಚ್ಚಿ ಸಾಮಾನು ಗೋಡೆಗೆ ಬಡಿದಿದೆಯೇ, ಸೀಟಿನ ಹಳಿಗಳು ಅಲುಗಿವೆಯೇ, ತಲೆಯ ಮೇಲಿನ ಸಾಮಾನಿನ ಪೆಟ್ಟಿಗೆಗಳು, ಅಡುಗೆ ಕಟ್ಟೆಯ ಜೋಡಣೆಗಳು, ಆಮ್ಲಜನಕದ ಮುಖವಾಡಗಳು ಜಾಗದಲ್ಲಿವೆಯೇ. ಮನುಷ್ಯರ ತಲೆ ತಾಗಿ ಚಾವಣಿಯ ಫಲಕಗಳು ಒಡೆದಿದ್ದರೆ ಅವುಗಳ ಹಿಂದಿನ ತಂತಿಗಳನ್ನೂ ನೋಡಬೇಕು. ಗುಡುಗುಮೋಡದ ಬಳಿ ಹಾದಿದ್ದರೆ ಸಿಡಿಲು ಒಳಹೊಕ್ಕ ಮತ್ತು ಹೊರಬಿದ್ದ ಸುಟ್ಟ ಗುರುತುಗಳನ್ನೂ, ಮೂಗಿನ ರೇಡೋಮ್ (ರೇಡಾರಿನ ಹೊದಿಕೆ) ಹಾಗೂ ರೆಕ್ಕೆಯ ಮುಂದಿನ ಅಂಚಿನ ಮೇಲೆ ಆಲಿಕಲ್ಲಿನ ಗುಳಿಗಳನ್ನೂ ಹುಡುಕುತ್ತಾರೆ.

ಮೊದಲ ಹಂತದಲ್ಲಿ ಏನಾದರೂ ಸಿಕ್ಕರೆ, ಅಥವಾ ದತ್ತಾಂಶವು ಹೊರೆ ಮಿತಿ ಮೀರಿತೆಂದು ಹೇಳಿದರೆ, ಎರಡನೆಯ ಹಂತ ಶುರುವಾಗುತ್ತದೆ. ಫಲಕಗಳನ್ನು ಬಿಚ್ಚಿ ಒಳಗಿನ ತೊಲೆಗಳನ್ನು ನೋಡುವುದು, ಲೋಹಕ್ಕೆ ವಿದ್ಯುತ್ ಸುಳಿಗಳಿಂದ ಬಿರುಕು ಹುಡುಕುವ ಎಡ್ಡಿ ಕರೆಂಟ್ ಪರೀಕ್ಷೆ, ಇಂಗಾಲದ ನಾರಿನ ಭಾಗಗಳಿಗೆ ಅಲ್ಟ್ರಾಸೌಂಡ್. ಆಗ ಗಂಟೆಗಳ ಮಾತು ಹೋಗಿ ದಿನಗಳ ಮಾತು ಬರುತ್ತದೆ. ಕೊನೆಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರವಾನಗಿ ಇರುವ ಎಂಜಿನಿಯರ್ ಒಬ್ಬರು ಸೇವೆಗೆ ಬಿಡುಗಡೆಯ ಪ್ರಮಾಣಪತ್ರಕ್ಕೆ ತಮ್ಮ ಹೆಸರಿನಲ್ಲಿ ಸಹಿ ಹಾಕಬೇಕು. ಅಕ್ಕನ ಮಗ ಈ ಮಾತನ್ನು ಸ್ವಲ್ಪ ಗಂಭೀರವಾಗಿ ಹೇಳಿದ: "ಸಹಿ ಕಂಪನಿಯದಲ್ಲ ಮಾವ, ನಮ್ಮದು. ಗೇಟಿನಲ್ಲಿ ಎಷ್ಟು ಗಲಾಟೆಯಾದರೂ ನಮಗೆ ಕೇಳಿಸಬಾರದು."

ಬದಲಿ ವಿಮಾನ ನಡುರಾತ್ರಿಯ ಹೊತ್ತಿಗೆ ಹೊರಟಿತು, ಅದರ ಸೇವೆಯ ಬಗ್ಗೆ ನನ್ನಲ್ಲಿ ಯಾವ ದೂರೂ ಇಲ್ಲ. ಹೊರಡುವ ಮೊದಲೇ ಕ್ಯಾಪ್ಟನ್ ಒಡಿಶಾ ಕರಾವಳಿಯ ಮೇಲಿನ ಮೋಡಗಳನ್ನು ಸುತ್ತಿ ಹೋಗುವುದಾಗಿಯೂ ಅದಕ್ಕಾಗಿ ಸ್ವಲ್ಪ ಹೊತ್ತು ಹೆಚ್ಚು ಬೇಕಾಗುವುದಾಗಿಯೂ ಸ್ಪಷ್ಟವಾಗಿ ಹೇಳಿದರು. ಬಲವಾದ ಗುಡುಗುಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್, ದೂರ ಇರಬೇಕೆಂಬುದು ವಿಮಾನ ಚಾಲಕರ ವಾಡಿಕೆ. ವಿಮಾನದ ಮೂಗಿನಲ್ಲಿರುವ ರೇಡಾರ್‌ಗೆ ನೀರಿನ ಹನಿಗಳು ಕಾಣುತ್ತವೆ, ಬರಿಯ ಗಾಳಿ ಕಾಣುವುದಿಲ್ಲ. ಆದ್ದರಿಂದಲೇ ನಿರಭ್ರ ಆಕಾಶದ ಟರ್ಬ್ಯುಲೆನ್ಸ್ ಮುನ್ಸೂಚನೆಯಿಲ್ಲದೆ ಬರುತ್ತದೆ. ತಪ್ಪಿಸಲಾಗದಿದ್ದರೆ ವೇಗವನ್ನು ಇಳಿಸಿಕೊಳ್ಳುತ್ತಾರೆ. ಎ320 ಮಾದರಿಗೆ ಎತ್ತರದಲ್ಲಿ ಅದು 275 ನಾಟ್ (ಗಂಟೆಗೆ 275 ನಾಟಿಕಲ್ ಮೈಲಿ) ಅಥವಾ ಮ್ಯಾಕ್ 0.76, ಅಂದರೆ ಶಬ್ದದ ವೇಗದ 0.76ರಷ್ಟು. ಹೆಚ್ಚು ವೇಗದಲ್ಲಿ ಗಾಳಿಯ ಹೊಡೆತ ರಚನೆಗೆ ಜೋರಾಗಿ ತಾಗುತ್ತದೆ, ಅತಿ ಕಡಿಮೆ ವೇಗದಲ್ಲಿ ರೆಕ್ಕೆ ತನ್ನ ಎತ್ತುವ ಬಲವನ್ನು ಕಳೆದುಕೊಳ್ಳಬಹುದು. ಈ ಎರಡರ ನಡುವಿನ ವೇಗವೇ ಸುರಕ್ಷಿತ. ಎತ್ತರ ನೂರಾರು ಅಡಿ ಅತ್ತಿತ್ತ ಆದರೂ ಪೈಲಟ್ ಅದರ ಬೆನ್ನು ಹತ್ತುವುದಿಲ್ಲ, ವಿಮಾನದ ಭಂಗಿಯನ್ನು ಸಮವಾಗಿ ಇಟ್ಟುಕೊಳ್ಳುತ್ತಾರೆ.

ಹಾಸನದವರಾದ ನಮಗೆ ಇದರಲ್ಲಿ ಹೆಮ್ಮೆಪಡುವ ಒಂದು ಸಂಗತಿಯೂ ಇದೆ. ಇಂಥ ಮೋಡಗಳು ಎಲ್ಲಿ ಹುಟ್ಟುತ್ತಿವೆ, ಎತ್ತ ಸಾಗುತ್ತಿವೆ ಎಂದು ಹವಾಮಾನ ಇಲಾಖೆ ನೋಡುವುದು ಇನ್ಸಾಟ್ ಸರಣಿಯ ಉಪಗ್ರಹಗಳ ಚಿತ್ರಗಳಲ್ಲಿ. 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಎರಡನ್ನೂ ಅವುಗಳ ಕಕ್ಷೆಯಲ್ಲಿ ಸರಿಯಾಗಿ ನಿಲ್ಲಿಸಿ ನೋಡಿಕೊಳ್ಳುವವರು ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದವರು. ಆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಅನೇಕರು ಇದನ್ನು ನೆನೆಯುವುದೇ ಇಲ್ಲ.

ಇನ್ನು ಕಡಿಮೆ ಅಂಕದ ವಿಷಯ. ಊಟದ ಕೂಪನ್ ಕೊಟ್ಟರು, ಅದು ನಿಯಮದಂತೆ ಕೊಡಲೇಬೇಕಾದದ್ದು. ಅಕ್ಕನಂಥ ವಯಸ್ಸಾದವರಿಗೆ ಕಾಲು ಚಾಚಲು ಜಾಗ ಕೇಳಿದಾಗ ಒಬ್ಬ ಯುವತಿ ತಾನೇ ಬಂದು, "ಅಮ್ಮ, ಇಲ್ಲಿ ಕೂತುಕೊಳ್ಳಿ" ಎಂದು ಹೇಳಿ ಬದಿಯ ಕುರ್ಚಿಗಳನ್ನು ಬಿಡಿಸಿಕೊಟ್ಟಳು. ಅವಳ ಸೌಜನ್ಯವನ್ನು ಮರೆಯುವುದಿಲ್ಲ. ಆದರೆ ಸಂಸ್ಥೆಯು ತಾನು ಮಾಡುತ್ತಿದ್ದ ಅತ್ಯುತ್ತಮ ಕೆಲಸವನ್ನು "ತಾಂತ್ರಿಕ ಕಾರಣ" ಎಂಬ ಎರಡು ಪದಗಳ ಹಿಂದೆ ಬಚ್ಚಿಟ್ಟಿತು. ನಿಜವನ್ನು ಹೇಳಿದ್ದರೆ ಜನ ಹೆದರುತ್ತಿದ್ದರು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಗೇಟಿನಲ್ಲಿ ಸುದ್ದಿ ಬಾಯಿಂದ ಬಾಯಿಗೆ ಬೆಳೆದು "ರೆಕ್ಕೆ ಬಿರುಕು ಬಿಟ್ಟಿದೆಯಂತೆ" ಎಂಬಲ್ಲಿಗೆ ಮುಟ್ಟಿತ್ತು, ಬದಲಿ ವಿಮಾನ ಹತ್ತುವಾಗ ಇದೇ ಆ ವಿಮಾನವೇ ಎಂದು ಹಲವರು ಅನುಮಾನಪಡುತ್ತಿದ್ದರು. "ನಿಮ್ಮ ವಿಮಾನ ಬರುವಾಗ ತೀವ್ರ ಟರ್ಬ್ಯುಲೆನ್ಸ್‌ಗೆ ಒಳಗಾಗಿದೆ, ನಿಯಮದಂತೆ ಎಂಜಿನಿಯರುಗಳು ಪರಿಶೀಲಿಸುತ್ತಿದ್ದಾರೆ, ನಿಮಗೆ ಬೇರೆ ವಿಮಾನ ಬರುತ್ತಿದೆ" ಎಂದು ಮೂರು ಭಾಷೆಗಳಲ್ಲಿ ಒಂದು ಪ್ರಕಟಣೆ ಮಾಡಿದ್ದರೆ ಗಲಾಟೆಯ ಅರ್ಧ ಅಲ್ಲೇ ಅಡಗುತ್ತಿತ್ತು. ಬೆಂಗಳೂರಿನ ವಿಮಾನದ ಗೇಟಿನಲ್ಲಿ ಕನ್ನಡದ ಒಂದು ಮಾತೂ ಕೇಳಲಿಲ್ಲ ಎಂಬುದನ್ನು ಬೇಸರದಿಂದಲೇ ದಾಖಲಿಸುತ್ತೇನೆ. ಅಕ್ಕನಿಗೆ ಪ್ರತಿ ಪ್ರಕಟಣೆಯನ್ನೂ ನಾನೇ ಹೇಳಬೇಕಾಯಿತು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಗಾಯಗೊಂಡವರನ್ನು ಕಣ್ಣಾರೆ ಕಂಡ ಆ ರಾತ್ರಿ ಸೀಟ್ ಬೆಲ್ಟಿನ ಮಾತನ್ನು ಮನಸ್ಸಿಗೆ ತಟ್ಟುವಂತೆ ಹೇಳುವ ಅವಕಾಶವನ್ನು ಸಂಸ್ಥೆ ಕೈಬಿಟ್ಟಿತು. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸ್‌ನ ಬೋಯಿಂಗ್ 777 ಮ್ಯಾನ್ಮಾರಿನ ಮೇಲೆ ಕುಲುಕಿದಾಗ, ತನಿಖೆಯ ಪ್ರಾಥಮಿಕ ವಿವರದಂತೆ, ಹೊರೆಯು 0.6 ಸೆಕೆಂಡಿನಲ್ಲಿ +1.35 ಜಿಯಿಂದ −1.5 ಜಿಗೆ ಇಳಿಯಿತು. ಬೆಲ್ಟ್ ಕಟ್ಟದವರು ಚಾವಣಿಗೆ ಎಸೆಯಲ್ಪಟ್ಟರು, 4 ಸೆಕೆಂಡಿನೊಳಗೆ ಹೊರೆ ಮತ್ತೆ +1.5 ಜಿಗೆ ಏರಿದಾಗ ಕೆಳಕ್ಕೆ ಬಿದ್ದರು. ಒಬ್ಬರು ಮೃತಪಟ್ಟರು. ಅಷ್ಟೆಲ್ಲ ಆದಾಗ ವಿಮಾನ ಕೆಳಗಿಳಿದದ್ದು ಕೇವಲ 178 ಅಡಿ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉತ್ತರ ಅಟ್ಲಾಂಟಿಕ್ ಮಾರ್ಗದ ಒಂದು ಸಾಮಾನ್ಯ ಬಿಂದುವಿನಲ್ಲಿ ತೀವ್ರ ನಿರಭ್ರ ಟರ್ಬ್ಯುಲೆನ್ಸ್‌ನ ಅವಧಿ 1979ರಿಂದ 2020ರ ನಡುವೆ ಶೇ. 55ರಷ್ಟು ಹೆಚ್ಚಿದೆ. ಸೀಟ್ ಬೆಲ್ಟ್ ಸೂಚನೆಯ ದೀಪ ಆರಿದ ಮೇಲೂ ಬೆಲ್ಟನ್ನು ಸಡಿಲವಾಗಿಯಾದರೂ ಕಟ್ಟಿಕೊಂಡಿರಿ ಎಂಬುದನ್ನು ಓದಿ ಒಪ್ಪಿಸುವ ಸಾಲಿನಂತೆ ಹೇಳದೆ, ಕಾರಣ ಕೊಟ್ಟು ಹೇಳಬೇಕು.

ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುವ ದಿನಕ್ಕಾಗಿ ಕಾಯುತ್ತಿರುವ ನಮ್ಮ ಜಿಲ್ಲೆಯವರು ಸದ್ಯ ದೇವನಹಳ್ಳಿಗೇ ಹೋಗಬೇಕು. ಬೇಸಿಗೆಯ ಕೊನೆಯಲ್ಲಿ ಪೂರ್ವ ಭಾರತಕ್ಕೆ ಹೋಗುವವರು ಸಂಜೆಯ ಬದಲು ಬೆಳಗಿನ ವಿಮಾನ ಹಿಡಿದರೆ ಗುಡುಗುಮೋಡದ ಕಾಟ ಕಡಿಮೆ, ತಡವಾದರೂ ನೆಲಮಂಗಲದ ಮೂಲಕ ಹಗಲು ಬೆಳಕಿನಲ್ಲೇ ಊರು ಸೇರಬಹುದು. ವಿಳಂಬ 6 ಗಂಟೆ ಮೀರಿದರೆ ಬೇರೆ ವಿಮಾನವನ್ನೋ ಪೂರ್ಣ ಹಣವನ್ನೋ ಕೇಳುವ ಹಕ್ಕು ಡಿಜಿಸಿಎ ನಿಯಮದಲ್ಲಿದೆ. ಪ್ರಕಟಣೆಗಳ ಬಗ್ಗೆ ನಾನು ಸಂಸ್ಥೆಗೆ ಪತ್ರ ಬರೆದಿದ್ದೆ. ಅನಾನುಕೂಲಕ್ಕೆ ವಿಷಾದ ಎಂಬ ಸಿದ್ಧ ಉತ್ತರ ಬಂದಿದೆ, ಮತ್ತೆ ಬರೆದಿದ್ದೇನೆ. ಕಾರ್ತಿಕದಲ್ಲಿ ಅಕ್ಕ ಮತ್ತೆ ಹೋಗಬೇಕೆಂದಿದ್ದಾಳೆ. ಟಿಕೆಟನ್ನು ಅದೇ ಸಂಸ್ಥೆಯಲ್ಲಿ, ಕುಲುಕು ಎಲ್ಲಕ್ಕಿಂತ ಕಡಿಮೆ ತಿಳಿಯುವ ರೆಕ್ಕೆಯ ಮೇಲಿನ ಸಾಲಿನಲ್ಲಿ ಕಾಯ್ದಿರಿಸಿದ್ದೇನೆ.